ಕ್ರಾಪ್ ಸಾಕಾ, ಕನ್ವರ್ಟರ್ ಬೇಕಾ?

ಫೆಬ್ರುವರಿಯ ಒಂದು ಭಾನುವಾರ, ಬೆಳಗಿನ ಆರೂಮುಕ್ಕಾಲು. ಯಲಬುರ್ಗಾ ಕಡೆ ಕಡಲೆ ಕಿತ್ತ ಹೊಲ. ಬದುವಿನ ಆಚೆ ಒಂದು ತೋಳ ನಿಂತು ನಮ್ಮನ್ನೇ ನೋಡ್ತಿತ್ತು. ನನ್ನ ಕೈಯಲ್ಲಿ 300 ಎಂಎಂ ಎಫ್/4 ಲೆನ್ಸು, ಅದರ ಹಿಂದೆ ಗೆಳೆಯನಿಂದ ಕಡ ತಂದ 1.4 ಎಕ್ಸ್ ಟೆಲಿಕನ್ವರ್ಟರ್.

ಫೋಕಸ್ ಹಿಂದೆ ಮುಂದೆ ಓಡಾಡಿ ಕೂರುವಷ್ಟರಲ್ಲಿ ತೋಳ ಹೆಜ್ಜೆ ಹಾಕಿತ್ತು. ಆರು ಫೋಟೊ ಹೊಡೆದೆ. ಆರೂ ಮಸುಕು.

ಆದದ್ದಿಷ್ಟು. 1.4 ಎಕ್ಸ್ ಕನ್ವರ್ಟರ್ ಹಾಕಿದರೆ 300 ಎಂಎಂ ಲೆನ್ಸು 420 ಆಗುತ್ತೆ, ನಿಜ. ಆದರೆ ಎಫ್/4 ಹೋಗಿ ಎಫ್/5.6 ಆಗುತ್ತೆ, ಅಂದರೆ ಬೆಳಕು ಅರ್ಧ. 2 ಎಕ್ಸ್ ಹಾಕಿದರೆ ಕಾಲು ಭಾಗ ಮಾತ್ರ. ಕನ್ವರ್ಟರ್ ಇಲ್ಲದಿದ್ದರೆ 1/500 ಸೆಕೆಂಡ್ ಸಿಗುತ್ತಿದ್ದ ಶಟರ್, ಅದೇ ಐಎಸ್ಒದಲ್ಲಿ 1/250ಕ್ಕೆ ಇಳಿದಿತ್ತು. ನಡೆಯೋ ಪ್ರಾಣಿಗೆ ಅದು ಸಾಲದು.

ಕ್ರಾಪ್ ಮಾಡಿದ್ದರೆ? 24 ಮೆಗಾಪಿಕ್ಸೆಲ್ ಚಿತ್ರವನ್ನು 1.4 ಪಟ್ಟು ಹತ್ತಿರ ಕಾಣೋ ಹಾಗೆ ಕತ್ತರಿಸಿದರೆ 12 ಉಳಿಯುತ್ತೆ. 2 ಪಟ್ಟಿಗೆ ಕತ್ತರಿಸಿದರೆ 6. ಕಡಿಮೆ ಅನ್ನಿಸ್ತಾ? ನೀವು ಈಗ ಓದ್ತಿರೋ ಫೋನಿನ ಪರದೆಗೆ ಎರಡು ಮೂರು ಮೆಗಾಪಿಕ್ಸೆಲ್ ಸಾಕು. ಎ4 ಅಳತೆಯ ಒಳ್ಳೆ ಪ್ರಿಂಟಿಗೆ ಸುಮಾರು 9 ಬೇಕು. ವಾಟ್ಸ್ಆ್ಯಪ್ ಸ್ಟೇಟಸ್‌ಗೋಸ್ಕರ ಹತ್ತಾರು ಸಾವಿರ ರೂಪಾಯಿಯ ಗಾಜು ಕೊಳ್ಳೋದು ಯಾಕೆ?

ಹಾಗಂತ ಕನ್ವರ್ಟರ್ ದಂಡ ಅಲ್ಲ. ಎರಡು ವಾರ ಬಿಟ್ಟು ಅದನ್ನೇ ಆನೆಗುಂದಿಗೆ ಒಯ್ದೆ. ಮುದ್ಲಾಪುರದಿಂದ ಕಂಪ್ಲಿವರೆಗೆ ತುಂಗಭದ್ರೆಯ 34 ಕಿಲೋಮೀಟರ್ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ಬೆಳಗಿನ ಎಂಟೂವರೆ, ಚೊಲೊ ಬಿಸಿಲು. ಆಚೆ ದಡದ ಬಂಡೆ ಮೇಲೆ ನೀರುನಾಯಿ ಕೂತು ಮೀನು ತಿಂತಿತ್ತು. ಶಟರ್ 1/1000 ಆರಾಮಾಗಿ ಸಿಕ್ಕಿತು. ಕನ್ವರ್ಟರ್ ಹಾಕಿ ಒಂದಿಷ್ಟು, ತೆಗೆದು ಒಂದಿಷ್ಟು ಹೊಡೆದೆ. ಮನೆಗೆ ಬಂದು ಲ್ಯಾಪ್‌ಟಾಪಿನಲ್ಲಿ ಹೋಲಿಸಿದರೆ, ಮೀಸೆಯ ಒಂದೊಂದು ಎಳೆ ಬಿಡಿಬಿಡಿಯಾಗಿ ಕಂಡದ್ದು ಕನ್ವರ್ಟರ್ ಹಾಕಿದ್ದರಲ್ಲಿ. ಗೋಡೆಗೆ ಹಾಕೋ ದೊಡ್ಡ ಪ್ರಿಂಟಿಗೆ ಅದೇ ಸರಿ.

ನನ್ನ ಲೆಕ್ಕ ಈಗ ಇಷ್ಟೇ. ಬೆಳಕು ಚೆನ್ನಾಗಿದೆ, ಪ್ರಾಣಿ ಕೂತಿದೆ, ಲೆನ್ಸು ಎಫ್/2.8 ಅಥವಾ ಎಫ್/4 ಇದೆ, ದೊಡ್ಡ ಪ್ರಿಂಟ್ ಬೇಕು: ಕನ್ವರ್ಟರ್. ಇದರಲ್ಲಿ ಒಂದು ಇಲ್ಲದಿದ್ದರೂ ಕ್ರಾಪ್. ಕ್ಯಾಮೆರಾ ಜೊತೆ ಸೆಟ್ಟಲ್ಲಿ ಬರೋ ಎಷ್ಟೋ ಜೂಮ್ ಲೆನ್ಸುಗಳಿಗೆ ಕಂಪನಿಯ ಕನ್ವರ್ಟರ್ ಕೂರೋದೇ ಇಲ್ಲ. ಇಎಂಐ ಹಾಕೋ ಮೊದಲು ನಿಮ್ಮ ಲೆನ್ಸು ಅದರ ಪಟ್ಟಿಯಲ್ಲಿದೆಯಾ ನೋಡಿ. ಒಂದು ದಿನಕ್ಕೆ ಬಾಡಿಗೆಗೆ ತಂದು ಪರೀಕ್ಷೆ ಮಾಡಿದರೆ ಇನ್ನೂ ಒಳ್ಳೇದು.

ಕುಷ್ಟಗಿ, ಕೊಪ್ಪಳದ ಬೇಸಿಗೆಗೆ ಮಾತ್ರ ಎರಡೂ ಸೋಲುತ್ತವೆ. ಹನ್ನೊಂದು ಗಂಟೆ ಮೇಲೆ ನೆಲದ ಕಾವಿಗೆ ಗಾಳಿಯೇ ಕುಣಿಯುತ್ತೆ. ದೂರದ ಪ್ರಾಣಿ ನೀರೊಳಗಿನ ನೆರಳಿನ ಹಾಗೆ ಅಲುಗುತ್ತೆ. ಕನ್ವರ್ಟರ್ ಹಾಕಿದರೆ ಆ ಅಲುಗಾಟವೂ ದೊಡ್ಡದಾಗುತ್ತೆ, ಅಷ್ಟೇ.

ಹಾಗಾದರೆ ಹತ್ತಿರ ಹೋಗೋದಾ? ಅವತ್ತು ತೋಳ ಹೋದ ದಿಕ್ಕಿಗೆ ನಾನೂ ಹೊರಟಿದ್ದೆ. ಕುರಿ ಮೇಯಿಸ್ತಿದ್ದ ಅಜ್ಜ ತಡೆದರು.

“ಎಲ್ಲಿಗೆ ಹೊಂಟಿ ತಮ್ಮಾ? ಮರಿ ಇರಬೇಕು ಆ ಕಡೆ. ನೀ ಬೆನ್ನ ಹತ್ತಿದ್ರ ಅದು ಜಾಗಾನ ಬಿಡತೈತಿ. ಸುಮ್ಕ ಕುಂದ್ರು.”

ಅವರ ಕುರಿಗೆ ಬಾಯಿ ಹಾಕೋ ಪ್ರಾಣಿಯ ಬಗ್ಗೆ ಅವರ ಮಾತು ಅದು! ನಾನು ಕೂತೆ. ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ತೋಳಕ್ಕಂತಲೇ ವನ್ಯಧಾಮ ಆಗಿರೋ ಜಿಲ್ಲೆ ನಮ್ಮದು. ಒಂದು ಫೋಟೊಕ್ಕಾಗಿ ಅದನ್ನ ಓಡಿಸಬಾರದು.

ಮುಂದಿನ ಭಾನುವಾರ ಕನ್ವರ್ಟರ್ ಬ್ಯಾಗಿನಲ್ಲೇ ಇತ್ತು. ತೋಳ ದೂರದಲ್ಲೇ ಹಾದು ಹೋಯ್ತು. ಕತ್ತರಿಸಿದ ಮೇಲೆ ಉಳಿದದ್ದು 6 ಮೆಗಾಪಿಕ್ಸೆಲ್. ಕಣ್ಣು ಮಾತ್ರ ಸ್ಪಷ್ಟವಾಗಿದೆ. ಅಜ್ಜನಿಗೆ ಪೋಸ್ಟ್‌ಕಾರ್ಡ್ ಅಳತೆಯ ಪ್ರಿಂಟ್ ಹಾಕಿಸಿ ಕೊಟ್ಟೆ.