ಎಡದಿಂದ ಬಲಕ್ಕೆ, ಕೆಂಗೇರಿಯಿಂದ ಮೆಜೆಸ್ಟಿಕ್ಕಿಗೆ

ಕೆಂಗೇರಿಯಲ್ಲಿ ಮೆಟ್ರೊ ಹತ್ತಿದ ತಕ್ಷಣ ನನ್ನ ಕಣ್ಣು ಹುಡುಕುವುದು ಎರಡನ್ನು. ಒಂದು, ಕೂರಲು ಜಾಗ. ಅದು ಸಿಗದಿದ್ದರೆ ಒರಗಿ ನಿಲ್ಲಲು ಒಂದು ಮೂಲೆ. ಯಾವುದು ಸಿಕ್ಕರೂ ಸರಿ, ಮನೆಯಲ್ಲೇ ಮಡಿಕೆ ಮಾಡಿಟ್ಟ ಇಂಗ್ಲಿಷ್ ಪೇಪರಿನ ಪದಬಂಧ ಬ್ಯಾಗಿನಿಂದ ಹೊರಗೆ ಬರುತ್ತೆ. ಮೆಜೆಸ್ಟಿಕ್ಕಿಗೆ ನಡುವೆ ಹನ್ನೆರಡು ನಿಲ್ದಾಣ. ಅಷ್ಟರಲ್ಲಿ ಅರ್ಧ ಮನೆ ತುಂಬಿದರೆ ಅವತ್ತು ಒಳ್ಳೇ ದಿನ.

ಮೆಟ್ರೊ ಕೆಂಗೇರಿಗೆ ಬಂದಿದ್ದು 2021ರ ಆಗಸ್ಟಿನಲ್ಲಿ. ಅದಕ್ಕೂ ಮುಂಚೆ ಮೈಸೂರು ರಸ್ತೆಯ ಬಸ್ಸಿನಲ್ಲಿ ಇದೇ ಕೆಲಸ ಮಾಡುತ್ತಿದ್ದೆ. ಒಂದು ಕೈ ಕಂಬಿಗೆ, ಇನ್ನೊಂದರಲ್ಲಿ ಪೇಪರು. ಪೆನ್ನಿಗೆ ಮೂರನೇ ಕೈ ಎಲ್ಲಿಂದ ತರೋದು? ಹಾಗಾಗಿ ಉತ್ತರಗಳನ್ನು ತಲೆಯಲ್ಲೇ ಜೋಡಿಸಿಟ್ಟುಕೊಂಡು, ನಾಯಂಡಹಳ್ಳಿ ಸಿಗ್ನಲ್ಲಿನಲ್ಲಿ ಬಸ್ಸು ನಿಂತಾಗ ಒಂದೇ ಸಲಕ್ಕೆ ಗೀಚುವುದು. ಟ್ರಾಫಿಕ್ ಜಾಮಿಗೆ ಮನಸಾರೆ ಕೃತಜ್ಞನಾಗಿದ್ದ ಬೆಂಗಳೂರಿಗ ನಾನೊಬ್ಬನೇ ಇರಬೇಕು :)

ಇಷ್ಟು ವರ್ಷದ ಅನುಭವದಿಂದ ಹೇಳ್ತೀನಿ, ಪ್ರಯಾಣಕ್ಕೆ ಕ್ರಿಪ್ಟಿಕ್ ಪದಬಂಧದಂಥ ಜೊತೆಗಾರ ಇನ್ನೊಬ್ಬನಿಲ್ಲ. ಕಾರಣ ಸರಳ. ಸಾಮಾನ್ಯ ಪದಬಂಧದಲ್ಲಿ 'ಒಂದು ನದಿ' ಅಂತ ಕೇಳಿದರೆ ನಿಮಗೆ ಆ ನದಿ ಗೊತ್ತಿರಬೇಕು. ಗೊತ್ತಿಲ್ಲ ಅಂದ್ರೆ ನಿಘಂಟು ಬೇಕು, ಇಲ್ಲಾ ಪಕ್ಕದವರನ್ನು ಕೇಳಬೇಕು. ಕ್ರಿಪ್ಟಿಕ್ ಹಾಗಲ್ಲ. ಅದರ ಪ್ರತಿ ಸುಳಿವಿನಲ್ಲೂ ಎರಡು ದಾರಿ ಇರುತ್ತೆ. ಒಂದು ನೇರ ಅರ್ಥ, ಇನ್ನೊಂದು ಅಕ್ಷರಗಳ ಆಟ. ಎರಡೂ ಒಂದೇ ಪದಕ್ಕೆ ಬಂದು ಸೇರಿದರೆ ಉತ್ತರ ಸರಿ. ಸಾಕ್ಷಿ ಸುಳಿವಿನೊಳಗೇ ಇದೆ, ಯಾರನ್ನೂ ಕೇಳಬೇಕಿಲ್ಲ. 'ಫ್ಲವರ್' ಅಂದ್ರೆ ಹೂವಲ್ಲ, 'ಫ್ಲೋ' ಆಗುವಂಥದ್ದು, ಅಂದ್ರೆ ನದಿ ಅಂತ ಮೊದಲ ಸಲ ಹೊಳೆದಾಗ ನಾನು ಬಸ್ಸಿನಲ್ಲಿ ಒಬ್ಬನೇ ನಕ್ಕು ಪಕ್ಕದವರು ಸ್ವಲ್ಪ ಸರಿದು ಕೂತಿದ್ದು ನೆನಪಿದೆ.

ಈಗ ಮೊಬೈಲಿನಲ್ಲೂ ಆಡಬಹುದು. ಆದರೆ ಅಲ್ಲಿ 'ಸರಿಯೇ ನೋಡು', 'ಉತ್ತರ ತೋರಿಸು' ಅನ್ನೋ ಗುಂಡಿಗಳಿರುತ್ತವೆ. ಎರಡು ನಿಲ್ದಾಣ ತಡೆದುಕೊಳ್ಳುವಷ್ಟರಲ್ಲಿ ಬೆರಳು ಅಲ್ಲಿಗೇ ಹೋಗುತ್ತೆ. ಗುಂಡಿ ಒತ್ತಿ ಪಡೆದ ಉತ್ತರಕ್ಕೂ, ಮೆಜೆಸ್ಟಿಕ್ಕಿನ ಎಸ್ಕಲೇಟರ್ ಮೇಲೆ ಇದ್ದಕ್ಕಿದ್ದಂತೆ ಹೊಳೆದ ಉತ್ತರಕ್ಕೂ ಅಂಗಡಿ ಹೋಳಿಗೆಗೂ ಮನೆ ಹೋಳಿಗೆಗೂ ಇರುವಷ್ಟೇ ವ್ಯತ್ಯಾಸ. ಪೇಪರೇ ವಾಸಿ.

ಇಷ್ಟಾದರೂ ನನಗೊಂದು ಬೇಜಾರು ಬಹಳ ದಿನದಿಂದ ಇತ್ತು. ಅದನ್ನು ಹೇಳಿಕೊಳ್ಳಲೆಂದೇ ಇಷ್ಟು ಪೀಠಿಕೆ.

ಅಪ್ಪ ಕನ್ನಡ ಪೇಪರಿನ ಪದಬಂಧ ಬಿಡಿಸುತ್ತಾರೆ. ದಿನಾ, ಕಾಫಿ ಲೋಟ ಕೆಳಗಿಡುವ ಮುಂಚೆ. ಗಾದೆ, ಒಗಟು, ಹಳೇ ಪದಗಳು ಅವರ ನಾಲಿಗೆ ತುದಿಯಲ್ಲಿ. ನನಗಿಂತ ಅವರ ತಲೆ ಎಷ್ಟೋ ಚುರುಕು. ಆದರೆ ನಾವಿಬ್ಬರೂ ರಾಜಾಜಿನಗರದ ಅತ್ತೆ ಮನೆಗೆ ಹೊರಟರೆ ಅಕ್ಕಪಕ್ಕ ಕೂತು ಅವರದು ಅವರಿಗೆ, ನನ್ನದು ನನಗೆ. ಒಮ್ಮೆ ನನ್ನ ಹಾಳೆ ಇಣುಕಿ ನೋಡಿ 'ಅದೆಲ್ಲ ಇಂಗ್ಲಿಷ್ ಬಲ್ಲವರ ಆಟ ಬಿಡಪ್ಪ' ಅಂದರು. ತಮಾಷೆಗೇ ಅಂದಿದ್ದು. ನನಗೆ ಮಾತ್ರ ಚುಚ್ಚಿತು. ಯಾಕೆ ಇಂಗ್ಲಿಷ್ ಬಲ್ಲವರ ಆಟ? ಪದದ ಆಟ ಕನ್ನಡಕ್ಕೆ ಹೊಸದೇ?

ಅಲ್ಲಮನ ಬೆಡಗಿನ ವಚನಗಳು, ಕನಕದಾಸರ ಮುಂಡಿಗೆಗಳು, ಅಜ್ಜಿ ಹೇಳುತ್ತಿದ್ದ ಒಗಟುಗಳು, ಇವೆಲ್ಲ ಮೇಲೊಂದು ಒಳಗೊಂದು ಹೇಳುವಂಥವೇ ಅಲ್ವಾ? ನಾ. ಕಸ್ತೂರಿಯವರು 'ಅನರ್ಥಕೋಶ' ಅಂತ ಒಂದು ಇಡೀ ನಿಘಂಟನ್ನೇ ಪದಗಳ ಕಾಲೆಳೆದು ಬರೆದರು. ಪದಬಂಧಕ್ಕೂ ನಮ್ಮಲ್ಲಿ ಬರವಿಲ್ಲ. ಅ.ನಾ. ಪ್ರಹ್ಲಾದರಾವ್ ಅವರೊಬ್ಬರೇ ಸಾವಿರಾರು ಕನ್ನಡ ಪದಬಂಧ ರಚಿಸಿದ್ದಾರೆ. ಆದರೆ ಪತ್ರಿಕೆಗಳಲ್ಲಿ ನಾನು ದಿನಾ ನೋಡುವ ಸುಳಿವುಗಳು ಬಹುಪಾಲು ನೇರ ಅರ್ಥ ಕೇಳುವಂಥವು. ಪದವನ್ನು ತಿರುಗಿಸು, ಮುರಿ, ತಲೆ ಕತ್ತರಿಸು ಅನ್ನೋ ತುಂಟತನ ಕಡಿಮೆ.

ಅಂದಹಾಗೆ ಭಾರತಕ್ಕೂ ಇದು ನಿನ್ನೆ ಮೊನ್ನೆ ಬಂದಿದ್ದಲ್ಲ. 'ದಿ ಹಿಂದೂ' ಪತ್ರಿಕೆಗೆ 1971ರಲ್ಲಿ ಪದಬಂಧ ಕಟ್ಟಿಕೊಡಲು ಶುರು ಮಾಡಿದವರು ನಿವೃತ್ತ ನೌಕಾಪಡೆ ಮುಖ್ಯಸ್ಥ ಅಡ್ಮಿರಲ್ ಕಟಾರಿ. ಹಡಗು ನಡೆಸಿದವರೇ ಈ ಆಟಕ್ಕೆ ಕೂತಿದ್ದಾರೆ ಅಂದ್ಮೇಲೆ ಮೆಟ್ರೊದಲ್ಲಿ ಕೂತ ನಮಗೇನು ಸಂಕೋಚ?

ಒಂದು ದಿನ ಇಂಗ್ಲಿಷ್ ಹಾಳೆಯನ್ನು ಮಡಚಿಟ್ಟು ಕನ್ನಡದಲ್ಲೇ ಕಟ್ಟಲು ಕೂತೆ. ಮೊದಲು ಗೊತ್ತಾಗಿದ್ದು, ನಮ್ಮ ಲಿಪಿ ಈ ಆಟಕ್ಕೆ ಒಗ್ಗುತ್ತೆ ಅಂತ. ನಮ್ಮ ಪದಬಂಧದಲ್ಲಿ ಒಂದು ಮನೆಗೆ ಒಂದು ಪೂರ್ತಿ ಅಕ್ಷರ, ಗುಣಿತ ಒತ್ತು ಸಮೇತ. ಹಾಗಾಗಿ ತಿರುಗಿಸಿದರೂ ಪದ ಉಚ್ಚಾರಕ್ಕೆ ಸಿಗುತ್ತೆ. ಇದನ್ನು ನೋಡಿ:

ಹೊಳೆ ಹಿಂದಕ್ಕೆ ಹರಿದರೂ ಇಪ್ಪತ್ತನಾಲ್ಕೇ ಗಂಟೆ (2)

ನದಿ ತಿರುಗಿದರೆ ದಿನ! ಹಾಗೇ 'ಆನೆ ತಿರುಗಿದರೆ ಲೋಕ ಕಾಣುತ್ತೆ (2)'. ಗಜ ಹೋಗಿ ಜಗ. 'ನಾರಣಪ್ಪ ಭಾರತ ಬರೆದ ಊರಿಗೆ ಹೋದರೂ ಒಂದೇ, ಬಂದರೂ ಒಂದೇ (3)' ಅಂದ್ರೆ ಗದಗ. ಕುಮಾರವ್ಯಾಸನ ಊರು ಎರಡು ಕಡೆಯಿಂದಲೂ ಒಂದೇ ಅಂತ ಅಲ್ಲಿವರೆಗೆ ನಾನು ಗಮನಿಸಿರಲೇ ಇಲ್ಲ.

ನಿಲ್ದಾಣದ ಹೆಸರುಗಳೂ ಬಿಡಲಿಲ್ಲ. ಅತ್ತಿಗುಪ್ಪೆ: 'ಔದುಂಬರದ ರಾಶಿ ಬಿದ್ದಲ್ಲಿ ರೈಲು ನಿಲ್ಲುತ್ತೆ (4)'. ವಿಜಯನಗರ ಬಂದಾಗ ಇದು ಹೊಳೆಯಿತು: 'ತಲೆ ಹೋದರೂ ವಿಜಯನಗರ ಬಡಾವಣೆಯಾಗಿಯೇ ಉಳಿಯಿತು (5)'. ವಿ ತೆಗೆಯಿರಿ, ಜಯನಗರ. ಮೆಟ್ರೊದಲ್ಲಿ ಅಲ್ಲಿಂದ ಇಲ್ಲಿಗೆ ಬರಲು ಮೆಜೆಸ್ಟಿಕ್ಕಿನಲ್ಲಿ ಗಾಡಿ ಬದಲಾಯಿಸಬೇಕು, ಪದಬಂಧದಲ್ಲಿ ಒಂದಕ್ಷರ ಸಾಕು!

ಕಷ್ಟಗಳೂ ಇವೆ, ಮುಚ್ಚಿಡೋದಿಲ್ಲ. ಅಕ್ಷರ ಕಲಸುವ ಆಟ ಇಂಗ್ಲಿಷಿನಷ್ಟು ಸಲೀಸಲ್ಲ. ಗುಣಿತ ಅಂಟಿಕೊಂಡೇ ಬರುವುದರಿಂದ ಕಲಸಿದ ಬಹುಪಾಲು ಪದಗಳು ಅರ್ಥವಿಲ್ಲದವಾಗುತ್ತವೆ. ಸಿಕ್ಕಾಗ ಮಾತ್ರ ಸೊಗಸು. 'ತತ್ತರಿಸಿದ ಮದನನಿಗೆ ಶಿವ ಮಾಡಿದ್ದು (3)' ಅಂದ್ರೆ ದಮನ. ಇಲ್ಲೇ ಎರಡನೇ ಕಷ್ಟವೂ ಇದೆ. ಮದನ ಸಾಲದು, 'ಮದನನಿಗೆ' ಅನ್ನಬೇಕು. ವಿಭಕ್ತಿ ಪ್ರತ್ಯಯ ಬಾಲದಂತೆ ಅಂಟಿಕೊಳ್ಳುತ್ತೆ. ಅದಕ್ಕೆ 'ಪ್ರತ್ಯಯ ಲೆಕ್ಕಕ್ಕಿಲ್ಲ' ಅಂತ ಒಂದು ನಿಯಮ ಒಪ್ಪಿಕೊಂಡರೆ ಮುಗಿಯಿತು. ಸಂಧಿಯೂ ಕಾಡುತ್ತೆ. ದೀಪಾಂಜಲಿ ನಗರದಲ್ಲಿ ಅಂಜಲಿ ಕಿವಿಗೆ ಕೇಳಿಸುತ್ತಾಳೆ, ಮನೆಗಳಲ್ಲಿ ಸಿಗೋದಿಲ್ಲ, 'ಅಂ' ಹೋಗಿ 'ಪಾಂ' ಆಗಿಬಿಟ್ಟಿದೆ. ಆದರೆ ಅದೇ ಸಂಧಿಯನ್ನು ಆಟವಾಗಿಸಬಹುದಲ್ಲ? 'ಕೆಂಪು ಬೀದಿ ಕೂಡಿದರೆ ನಮ್ಮೂರು (3)': ಕೆಂ, ಕೇರಿ, ಆದೇಶ ಸಂಧಿಯಾಗಿ ಕೆಂಗೇರಿ. (ಊರಿನ ಹೆಸರು ಹೀಗೇ ಹುಟ್ಟಿತು ಅಂತ ನಾನು ಹೇಳ್ತಿಲ್ಲ, ಜಗಳಕ್ಕೆ ಬರಬೇಡಿ.) ಹೈಸ್ಕೂಲಿನಲ್ಲಿ ಉರು ಹೊಡೆದ ಸಂಧಿ ಪ್ರಕರಣ ನನಗೆ ಮೊದಲ ಬಾರಿಗೆ ಉಪಯೋಗಕ್ಕೆ ಬಂದಿದ್ದು ಮೆಟ್ರೊದಲ್ಲಿ!

ಇಂಗ್ಲಿಷಿಗಿಲ್ಲದ ಒಂದು ಅನುಕೂಲವೂ ನಮಗಿದೆ. ನಮ್ಮಲ್ಲಿ ದೊಡ್ಡಕ್ಷರ ಇಲ್ಲ. ಅಲ್ಲಿ ಹೆಸರು ಅಂದ ತಕ್ಷಣ ದೊಡ್ಡಕ್ಷರ ಗುಟ್ಟು ಬಿಟ್ಟುಕೊಡುತ್ತೆ. ಇಲ್ಲಿ ಕಮಲ ಹೂವೋ ಹುಡುಗಿಯೋ, ವಿಜಯ ಗೆಲುವೋ ಗೆಳೆಯನೋ ಬರಹ ಹೇಳೋದಿಲ್ಲ. ದಾರಿ ತಪ್ಪಿಸಲು ಇದಕ್ಕಿಂತ ಏನು ಬೇಕು?

ಕಟ್ಟಿದ ಸುಳಿವುಗಳನ್ನು ಮುಂದಿನ ಸಲ ರಾಜಾಜಿನಗರಕ್ಕೆ ಹೋಗುವಾಗ ಅಪ್ಪನ ಮುಂದಿಟ್ಟೆ. ಆನೆಗೆ ಪಟ್ಟನಗೆರೆ ದಾಟುವಷ್ಟರಲ್ಲಿ ಉತ್ತರ ಬಂತು. ಹೊಳೆಗೆ ಸ್ವಲ್ಪ ಹೊತ್ತು ಬೇಕಾಯ್ತು. ಆಮೇಲೆ ಸುಮ್ಮನಾದರು. ನಿದ್ದೆ ಅಂದುಕೊಂಡೆ. ಮೆಜೆಸ್ಟಿಕ್ಕಿನಲ್ಲಿ ಗಾಡಿ ಬದಲಿಸಿ ಹಸಿರು ಮಾರ್ಗ ಹಿಡಿದ ಮೇಲೆ ನಿಧಾನಕ್ಕೆ ಅಂದರು, 'ರಾಜಾಜಿನಗರದ ನಟ್ಟನಡುವೆ ಒಬ್ಬ ತೀರ್ಥಂಕರ ಇದ್ದಾನೆ, ಎರಡಕ್ಷರ, ಹುಡುಕು.'

ನನಗೆ ಮೂರು ನಿಲ್ದಾಣ ಬೇಕಾಯ್ತು. ರಾ-ಜಾ-ಜಿ-ನ-ಗ-ರ. ಸರಿಯಾಗಿ ಮಧ್ಯದ ಎರಡು ಮನೆ. ಇಷ್ಟು ವರ್ಷ ಇಂಗ್ಲಿಷ್ ಪದಬಂಧ ಬಿಡಿಸಿದ ನಾನು ಅಷ್ಟು ಚೊಕ್ಕವಾದ ಸುಳಿವು ಒಂದನ್ನೂ ಕಟ್ಟಿರಲಿಲ್ಲ. ಅವರು ಆಟ ಬಾರದವರಾಗಿರಲಿಲ್ಲ. ಆಟ ಅವರ ಭಾಷೆಯಲ್ಲಿ ಅವರ ಕೈಗೆ ಬಂದಿರಲಿಲ್ಲ, ಅಷ್ಟೆ. ಇಂಥ ಅಪ್ಪಂದಿರು, ಅಮ್ಮಂದಿರು ಎಷ್ಟು ಮನೆಗಳಲ್ಲಿದ್ದಾರೋ!

ಅದಕ್ಕೇ ಬ್ಲಾಗಿಗ ಮಿತ್ರರಲ್ಲಿ ನನ್ನದೊಂದು ಕೋರಿಕೆ. ಪೂರ್ತಿ ಪದಬಂಧ ಬೇಡ. ಪ್ರಯಾಣದಲ್ಲಿ ಒಂದು ಸುಳಿವು ಕಟ್ಟಿ, ಪಕ್ಕದಲ್ಲಿರುವ ನಿಮ್ಮವರನ್ನು ಕೇಳಿ. ಚೆನ್ನಾಗಿದ್ದರೆ ಇಲ್ಲೂ ಹಾಕಿ. ಇದು ನಿಮಗೆ, ಉತ್ತರ ನಾನು ಹೇಳೋದಿಲ್ಲ:

ಮಂಗ ತಿರುಗಿ ಕೂತರೆ ವಸಂತದಲ್ಲಿ ಹಾಡುತ್ತೆ (2)

ಇಳಿಯುವ ಜಾಗ ಬರುವವರೆಗೂ ಯೋಚಿಸಿ. ಗುಂಡಿ ಒತ್ತಬೇಡಿ :)