ಕಲಿಸಿದ್ದನ್ನು ಬರೆದಿಡಿ, ಹಂಚಿಕೊಳ್ಳಿ

ವಾರಕ್ಕೊಮ್ಮೆ ಬರುವ ವಿಡಿಯೊ ಕರೆ ನಮ್ಮ ಓದುಗರ ಮನೆಗಳಲ್ಲಿ ಸಣ್ಣ ಹಬ್ಬವಿದ್ದಂತೆ. ದುಬೈಯಿಂದಲೋ ಡಾಲಸ್‌ನಿಂದಲೋ ಮಗ, ಸೊಸೆ ಮಾತಾಡಿದ ಮೇಲೆ ಫೋನು ಮೊಮ್ಮಗಳ ಕೈಗೆ ಬರುತ್ತದೆ. ‘ಊಟ ಆಯ್ತಾ ಪುಟ್ಟಿ? ಏನು ತಿಂದೆ?’ ಎಂದು ಅಜ್ಜಿ ಕೇಳುತ್ತಾರೆ. ಮಗು ಒಂದು ಕ್ಷಣ ಸುಮ್ಮನಿರುತ್ತದೆ. ಅಷ್ಟರಲ್ಲಿ ಪಕ್ಕದಲ್ಲಿರುವ ತಾಯಿ, ‘ದೋಸೆ ತಿಂದೆ ಅಂತ ಹೇಳು’ ಎನ್ನುತ್ತಾರೆ. ಮಗು ‘ದೋಸೆ’ ಎಂದು ಹೇಳಿ ಓಡಿಹೋಗುತ್ತದೆ. ಅಜ್ಜಿಯ ಪ್ರಶ್ನೆ ಅದಕ್ಕೆ ಅರ್ಥವಾಗಿಲ್ಲವೆಂದಲ್ಲ. ಮರಳಿ ಕನ್ನಡದಲ್ಲಿ ಮಾತಾಡಲು ನಾಲಿಗೆ ತಿರುಗುವುದಿಲ್ಲ, ಅಷ್ಟೆ.

ಈ ಮೌನವನ್ನು ಮುರಿಯಬೇಕೆಂದೇ ಹೊರದೇಶಗಳ ಎಷ್ಟೋ ಊರುಗಳಲ್ಲಿ ಕನ್ನಡಿಗರು ವಾರದ ರಜೆಯ ದಿನ ಕನ್ನಡ ತರಗತಿ ನಡೆಸುತ್ತಿದ್ದಾರೆ. ಕಲಿಸುವವರಲ್ಲಿ ಹೆಚ್ಚಿನವರು ವೃತ್ತಿಯಿಂದ ಶಿಕ್ಷಕರಲ್ಲ. ಸಾಫ್ಟ್‌ವೇರ್ ಕೆಲಸದವರು, ನರ್ಸ್‌ಗಳು, ಲೆಕ್ಕಪತ್ರ ನೋಡುವವರು, ಗೃಹಿಣಿಯರು. ಸಂಬಳವಿಲ್ಲದೆ, ತಮ್ಮ ರಜೆಯನ್ನು ಬಿಟ್ಟುಕೊಟ್ಟು ಬೇರೆಯವರ ಮಕ್ಕಳಿಗೂ ಅಕ್ಷರ ತಿದ್ದಿಸುವ ಇವರಿಗೆ ಎಷ್ಟು ಕೃತಜ್ಞತೆ ಹೇಳಿದರೂ ಕಡಿಮೆಯೇ.

ಆದರೂ ಒಂದು ಮಾತನ್ನು ಹೇಳದೆ ಇರಲಾಗದು. ಪ್ರೀತಿಯೊಂದರಿಂದಲೇ ಪಾಠ ನಡೆಯುವುದಿಲ್ಲ. ರಾಜ್ಯೋತ್ಸವದ ವೇದಿಕೆಯಲ್ಲಿ ವಚನವನ್ನು ತಪ್ಪಿಲ್ಲದೆ ಒಪ್ಪಿಸುವ ಮಗು, ಬೇಸಿಗೆ ರಜೆಗೆ ಊರಿಗೆ ಬಂದಾಗ ‘ಅಜ್ಜಿ, ನೀರು ಬೇಕು’ ಎನ್ನಲು ತಡವರಿಸುವುದನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಮೊದಲ ವರ್ಷ ಉತ್ಸಾಹದಿಂದ ಬಂದ ಮಕ್ಕಳಲ್ಲಿ ಕೆಲವರು ಎರಡನೆಯ, ಮೂರನೆಯ ವರ್ಷಕ್ಕೆ ಬರುವುದನ್ನು ನಿಲ್ಲಿಸುತ್ತಾರೆ. ಯಾಕೆ ನಿಲ್ಲಿಸಿದರು, ಯಾವ ಪಾಠದಲ್ಲಿ ಕಳೆದುಹೋದರು ಎಂದು ಬರೆದಿಟ್ಟವರು ಕಡಿಮೆ. ಕಲಿಸುತ್ತಿದ್ದವರು ಬೇರೆ ಊರಿಗೆ ವರ್ಗವಾಗಿ ಹೋದರೆ ಅವರ ಅನುಭವವೂ ಅವರ ಜೊತೆಗೇ ಹೋಗುತ್ತದೆ. ಹೊಸಬರು ಬಂದು ಮತ್ತೆ ‘ಅ ಆ ಇ ಈ’ಯಿಂದ, ಮತ್ತೆ ಅದೇ ತಪ್ಪುಗಳಿಂದ ಶುರು ಮಾಡುತ್ತಾರೆ.

ಇದಕ್ಕೊಂದು ದಾರಿಯಿದೆ. ಕರ್ನಾಟಕದಲ್ಲಿ ಬಿ.ಇಡಿ. ಓದಿದವರಿಗೆಲ್ಲ ಅದರ ಹೆಸರು ಗೊತ್ತು: ಕ್ರಿಯಾ ಸಂಶೋಧನೆ. ನಮ್ಮಲ್ಲಿ ಅದು ಎಷ್ಟೋ ಬಾರಿ ಅಂಕಕ್ಕಾಗಿ ಬರೆಯುವ ವರದಿಯಾಗಿ ಉಳಿದುಹೋಗಿದೆ. ಅದರ ಮೂಲ ವಿಚಾರ ಮಾತ್ರ ಬಹಳ ಸರಳ. ತರಗತಿಯ ಸಮಸ್ಯೆಗೆ ಪರಿಹಾರ ಹುಡುಕಬೇಕಾದವರು ಹೊರಗಿನ ತಜ್ಞರಲ್ಲ, ತರಗತಿಯಲ್ಲಿ ನಿಂತಿರುವ ಮೇಷ್ಟ್ರೇ. ಈ ಹೆಸರನ್ನು ಬಳಕೆಗೆ ತಂದ ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಕೂಡ ತಾಯ್ನಾಡು ಬಿಟ್ಟವರೇ. 1933ರಲ್ಲಿ ಜರ್ಮನಿಯಿಂದ ಅಮೆರಿಕಕ್ಕೆ ಹೋದ ಅವರು 1946ರಲ್ಲಿ ಈ ಕುರಿತ ಪ್ರಸಿದ್ಧ ಪ್ರಬಂಧ ಬರೆದರು. ಶಿಕ್ಷಕನೇ ಸಂಶೋಧಕನಾಗಬೇಕು ಎಂಬ ಮಾತನ್ನು ಇಂಗ್ಲೆಂಡಿನ ಲಾರೆನ್ಸ್ ಸ್ಟೆನ್‌ಹೌಸ್ 1975ರ ತಮ್ಮ ಪುಸ್ತಕದಲ್ಲಿ ಗಟ್ಟಿಯಾಗಿ ಹೇಳಿದರು. ಆಸ್ಟ್ರೇಲಿಯಾದ ಡೀಕಿನ್ ವಿಶ್ವವಿದ್ಯಾಲಯದ ಸ್ಟೀಫನ್ ಕೆಮಿಸ್ ಮತ್ತು ರಾಬಿನ್ ಮೆಕ್‌ಟ್ಯಾಗರ್ಟ್ 1980ರ ದಶಕದಲ್ಲಿ ಇದನ್ನು ನಾಲ್ಕು ಹೆಜ್ಜೆಗಳಾಗಿ ಬಿಡಿಸಿಟ್ಟರು: ಯೋಜಿಸು, ಮಾಡು, ಗಮನಿಸು, ಯೋಚಿಸು. ನಾಲ್ಕೂ ಮುಗಿದ ಮೇಲೆ ತಿಳಿದುಬಂದದ್ದನ್ನು ಇಟ್ಟುಕೊಂಡು ಮತ್ತೆ ಮೊದಲನೆಯ ಹೆಜ್ಜೆ.

ಇದೆಲ್ಲ ಹೊರಗಿನವರ ಮಾತು ಎನ್ನಬೇಕಿಲ್ಲ. ನಮ್ಮ ನೆಲದಲ್ಲೇ ಇದಕ್ಕೆ ದೊಡ್ಡ ಉದಾಹರಣೆಯಿದೆ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ‘ನಲಿ-ಕಲಿ’ ಶುರುವಾದದ್ದು ಸರ್ಕಾರಿ ಶಾಲೆಗಳ ಶಿಕ್ಷಕರ ಕೈಯಲ್ಲಿ. ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳಿಗೆ ಹೋಗಿ ನೋಡಿ ಬಂದ ಅವರು, ಯುನಿಸೆಫ್ ನೆರವಿನೊಂದಿಗೆ ತಮ್ಮ ಮಕ್ಕಳಿಗೆ ಹೊಂದುವ ಕಾರ್ಡುಗಳನ್ನು ತಾವೇ ಸಿದ್ಧಪಡಿಸಿದರು. ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲೇ ಕಲಿಸಬೇಕೆಂಬ ಕಟ್ಟು ಅಲ್ಲಿಲ್ಲ. ನಲಿ-ಕಲಿಯ ಮಗು ಮೊದಲು ಕಲಿಯುವುದು ರ, ಗ, ಸ, ದ, ಅ. ಈ ಐದೇ ಅಕ್ಷರ ಬಂದರೆ ಸರ, ದರ, ಅರಸ, ಅಗಸ, ಗರಗಸ ಎಂದು ಓದಬಹುದು. ಕಲಿತ ಮೊದಲ ವಾರಗಳಲ್ಲೇ ‘ನನಗೆ ಓದಲು ಬಂತು’ ಎಂಬ ಖುಷಿ ಮಗುವಿಗೆ ಸಿಗುತ್ತದೆ. ಮುಂದೆ ಇದು ರಾಜ್ಯದ ಎಲ್ಲ ಸರ್ಕಾರಿ ಪ್ರಾಥಮಿಕ ಶಾಲೆಗಳ ಕೆಳಗಿನ ತರಗತಿಗಳಿಗೆ ಹರಡಿತು. ಸಿದ್ಧ ಕಾರ್ಡುಗಳು ಮೇಲಿನಿಂದ ಬರತೊಡಗಿದಾಗ, ಅವನ್ನು ರೂಪಿಸಿದ ಶಿಕ್ಷಕರ ಹುಮ್ಮಸ್ಸು ಎಲ್ಲ ಕಡೆಗೂ ಅಷ್ಟೇ ಹರಡಲಿಲ್ಲ ಎಂಬ ಟೀಕೆಯೂ ಇದೆ. ಎರಡರಿಂದಲೂ ಪಾಠವಿದೆ. ಮೇಷ್ಟ್ರು ತಾವೇ ಹುಡುಕಿಕೊಂಡ ವಿಧಾನಕ್ಕೆ ಇರುವ ಜೀವ, ಕೈಗೆ ಕೊಟ್ಟ ವಿಧಾನಕ್ಕೆ ಬರುವುದು ಕಷ್ಟ.

ಹೊರದೇಶದ ಕನ್ನಡ ತರಗತಿಗೆ ಈ ಹುಡುಕಾಟ ಇನ್ನೂ ಹೆಚ್ಚು ಬೇಕು. ಲೆಕ್ಕ ಹಾಕಿ ನೋಡೋಣ. ವಾರಕ್ಕೆ ಒಂದೂವರೆ ಗಂಟೆ, ವರ್ಷಕ್ಕೆ 32 ವಾರ ಪಾಠ ನಡೆಯಿತೆಂದರೂ ಸಿಗುವುದು 48 ಗಂಟೆ. ಅಂದರೆ ವರ್ಷಕ್ಕೆ ಎರಡೇ ಎರಡು ದಿನ! ಇದರಲ್ಲಿ ಅರ್ಧ ವಾರ್ಷಿಕೋತ್ಸವದ ಹಾಡಿನ ತಾಲೀಮಿಗೆ ಹೋದರೆ ಉಳಿಯುವುದೇನು? ‘ನಾವೂ ಬಾಯಿಪಾಠ ಮಾಡಿಯೇ ಕಲಿತವರಲ್ಲವೇ’ ಎಂದು ಹಿರಿಯರು ಹೇಳುತ್ತಾರೆ. ನಿಜ. ಆದರೆ ನಾವು ಶಾಲೆಗೆ ಹೋಗುವ ಹೊತ್ತಿಗೆ ಜಗಳವಾಡುವಷ್ಟು ಕನ್ನಡ ಬರುತ್ತಿತ್ತು. ಬಾಯಲ್ಲಿದ್ದ ಮಾತಿಗೆ ಅಕ್ಷರ ಬಂದು ಕೂತಿತು. ಅಲ್ಲಿನ ಮಗುವಿಗೆ ಅಕ್ಷರ ಮೊದಲು ಸಿಗುತ್ತದೆ, ಮಾತು ಇನ್ನೂ ಬಂದಿರುವುದಿಲ್ಲ. ಹೀಗಾಗಿ ನಮಗೆ ಹೊಂದಿದ್ದು ಆ ಮಗುವಿಗೂ ಹೊಂದುತ್ತದೆ ಎಂದು ಹೇಳಲಾಗದು. ಹೊಂದುತ್ತದೆಯೇ ಎಂದು ಪರೀಕ್ಷಿಸಿಯೇ ತಿಳಿಯಬೇಕು.

ಪರೀಕ್ಷಿಸುವುದು ಹೇಗೆ? ಒಂದು ಉದಾಹರಣೆ ಕೊಡುತ್ತೇವೆ. ಅಮೆರಿಕದ ಮೇರಿ ಬಡ್ ರೋ ಎಂಬ ಶಿಕ್ಷಣತಜ್ಞೆ ವಿಜ್ಞಾನ ತರಗತಿಗಳ ಧ್ವನಿಮುದ್ರಣ ಕೇಳಿ 1970ರ ದಶಕದಲ್ಲಿ ಒಂದು ಸಂಗತಿ ಗುರುತಿಸಿದರು. ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕಾಗಿ ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟು ಸಮಯವನ್ನೂ ಕೊಡುವುದಿಲ್ಲ. ತಾವೇ ಉತ್ತರ ಹೇಳುತ್ತಾರೆ, ಇಲ್ಲವೇ ಮತ್ತೊಬ್ಬರನ್ನು ಕೇಳುತ್ತಾರೆ. ಮೂರು ಸೆಕೆಂಡು ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನೆ ಕೂರುವವರ ಸಂಖ್ಯೆ ಇಳಿಯುತ್ತದೆ ಎಂದು ಅವರು ಕಂಡುಕೊಂಡರು. ಅದು ಇಂಗ್ಲಿಷ್ ತರಗತಿಯ ಮಾತು. ಇಂಗ್ಲಿಷಿನಲ್ಲಿ ಯೋಚಿಸಿ ಕನ್ನಡದ ಪದ ಹುಡುಕಬೇಕಾದ ಮಗುವಿಗೆ ಎಷ್ಟು ಸೆಕೆಂಡು ಬೇಕು? ಮೂರೇ, ಐದೇ? ಇದನ್ನು ನಮ್ಮ ಸ್ವಯಂಸೇವಕ ಶಿಕ್ಷಕರು ತಮ್ಮ ತರಗತಿಯಲ್ಲೇ ನೋಡಬಹುದು. ಒಂದು ವಾರ ಎಂದಿನಂತೆ ಪಾಠ ಮಾಡಿ, ಒಂದಕ್ಕಿಂತ ಹೆಚ್ಚು ಪದದ ಉತ್ತರ ಎಷ್ಟು ಬಂದವು ಎಂದು ಗೆರೆ ಎಳೆದು ಎಣಿಸುವುದು. ಮುಂದಿನ ನಾಲ್ಕು ವಾರ ಪ್ರತಿ ಪ್ರಶ್ನೆಯ ನಂತರ ಮನಸ್ಸಿನಲ್ಲೇ ಐದರವರೆಗೆ ಎಣಿಸಿ ಕಾಯುವುದು, ಮತ್ತೆ ಗೆರೆ ಎಳೆಯುವುದು. ಫಲ ಕಂಡರೆ ಮುಂದುವರಿಸುವುದು, ಕಾಣದಿದ್ದರೆ ಬೇರೆ ದಾರಿ ನೋಡುವುದು. ಕ್ರಿಯಾ ಸಂಶೋಧನೆ ಎಂದರೆ ಇಷ್ಟೇ. ಇದಕ್ಕೆ ಪಿಎಚ್‌.ಡಿ. ಬೇಕಿಲ್ಲ.

ಹೀಗೆ ಕಂಡದ್ದನ್ನು ಬರೆದಿಡುವುದು ಮುಖ್ಯ. ಪಾಠ ಮುಗಿದ ದಿನವೇ ಹತ್ತು ಸಾಲು ಸಾಕು: ಇಂದು ಏನು ಮಾಡಬೇಕೆಂದಿದ್ದೆ, ಏನಾಯಿತು, ಯಾವುದು ಅಚ್ಚರಿ ತಂದಿತು, ಮುಂದಿನ ವಾರ ಏನು ಬದಲಿಸುತ್ತೇನೆ. ಹಲವು ದೇಶಗಳ ಶಿಕ್ಷಕರು ಇಂಥ ದಿನಚರಿಯನ್ನು ಬ್ಲಾಗುಗಳಲ್ಲಿ ಬರೆಯುತ್ತ ಬಂದಿದ್ದಾರೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದ ಒಳ್ಳೆಯ ಮಾತು ಮಾರನೆಯ ದಿನ ಶುಭೋದಯದ ಚಿತ್ರಗಳ ಕೆಳಗೆ ಹೂತುಹೋಗುತ್ತದೆ. ಬ್ಲಾಗಿನಲ್ಲಿ ತಾರೀಖಿನ ಸಮೇತ ಉಳಿಯುತ್ತದೆ, ಹುಡುಕಿದರೆ ಸಿಗುತ್ತದೆ. ‘ಲ’ ಮತ್ತು ‘ಳ’ದ ವ್ಯತ್ಯಾಸ ಹಿಡಿಸಲು ಮೆಲ್ಬರ್ನ್‌ನಲ್ಲಿ ಒಬ್ಬರು ಮಾಡಿದ ಉಪಾಯ ಮಸ್ಕತ್‌ನಲ್ಲಿ ಅದೇ ಗೋಜಿನಲ್ಲಿರುವ ಇನ್ನೊಬ್ಬರಿಗೆ ದಾರಿ ತೋರಬಹುದು.

ಆದರೆ ಎರಡು ಎಚ್ಚರ ಬೇಕು. ಒಂದು, ಮಕ್ಕಳ ಹೆಸರು, ಚಿತ್ರ, ಮನೆಯ ಸಂಗತಿ ಯಾವುದೂ ಬರಹದಲ್ಲಿ ಬರಬಾರದು. ಇನ್ನೊಂದು, ಸೋತದ್ದನ್ನೂ ಬರೆಯಬೇಕು. ‘ಈ ಆಟ ನಡೆಯಲಿಲ್ಲ, ಮಕ್ಕಳು ಬೇಸತ್ತರು’ ಎಂಬ ಒಂದು ಸಾಲು, ಹತ್ತು ಗೆಲುವಿನ ಚಿತ್ರಗಳಿಗಿಂತ ಮುಂದೆ ಬರುವ ಶಿಕ್ಷಕರಿಗೆ ಹೆಚ್ಚು ಉಪಕಾರಿ. ಇದಕ್ಕೆ ಧೈರ್ಯ ಬೇಕು. ಆ ಧೈರ್ಯ ಕೊಡಬೇಕಾದವರು ಅಲ್ಲಿನ ಕನ್ನಡ ಸಂಘಗಳು. ಎಷ್ಟು ಮಕ್ಕಳು ವೇದಿಕೆ ಹತ್ತಿದರು ಎಂದು ಮಾತ್ರ ಕೇಳುವ ಸಮಿತಿಯ ಮುಂದೆ ಯಾವ ಶಿಕ್ಷಕರೂ ತಮ್ಮ ಸೋಲು ಹೇಳಿಕೊಳ್ಳುವುದಿಲ್ಲ. ವರ್ಷಕ್ಕೊಮ್ಮೆಯಾದರೂ ಹಾರ, ಶಾಲು, ಭಾಷಣಗಳ ಗಲಾಟೆಯಿಲ್ಲದೆ ಕಲಿಸುವವರನ್ನು ಒಟ್ಟಿಗೆ ಕೂರಿಸಿ ‘ಈ ವರ್ಷ ಏನು ಕಲಿತಿರಿ’ ಎಂದು ಸಂಘಗಳು ಕೇಳಲಿ. ಕನ್ನಡ ಅಭಿವೃದ್ಧಿ ಪ್ರಾಧಿಕಾರ ಮತ್ತು ರಾಜ್ಯದ ಅನಿವಾಸಿ ಭಾರತೀಯ ಸಮಿತಿ ಪುಸ್ತಕ ಕಳಿಸುವುದರ ಜೊತೆಗೆ ಈ ಟಿಪ್ಪಣಿಗಳನ್ನು ಒಂದೆಡೆ ಸೇರಿಸಿ ಎಲ್ಲರಿಗೂ ಸಿಗುವಂತೆ ಮಾಡಬಹುದು. ದೊಡ್ಡ ಖರ್ಚಿನ ಕೆಲಸವೇನಲ್ಲ. ನಲಿ-ಕಲಿಯಲ್ಲಿ ನುರಿತ ನಮ್ಮ ಸರ್ಕಾರಿ ಶಾಲೆಗಳ ಶಿಕ್ಷಕರನ್ನು ಆಗಾಗ ಇವರೊಡನೆ ಆನ್‌ಲೈನ್‌ನಲ್ಲಿ ಮಾತಿಗೆ ಕೂರಿಸಿದರೆ ಇಬ್ಬರಿಗೂ ಲಾಭ.

ಇಲ್ಲಿರುವ ನಾವು ಏನು ಮಾಡಬಹುದು? ಅಜ್ಜ ಅಜ್ಜಿಯರು ಈ ಪ್ರಯೋಗದ ಹೊರಗಿನವರಲ್ಲ. ಮಗುವಿನ ಕನ್ನಡ ನಿಜಕ್ಕೂ ಬಳಕೆಗೆ ಬರುವುದು ಅವರೊಡನೆಯೇ. ಕಳೆದ ಯುಗಾದಿಯಲ್ಲಿ ಒಂದು ಪದ ಹೇಳುತ್ತಿದ್ದ ಮಗು ಈ ಯುಗಾದಿಗೆ ಒಂದು ಪೂರ್ತಿ ವಾಕ್ಯ ಹೇಳಿತೇ ಎಂದು ಯಾವ ಪರೀಕ್ಷೆಗಿಂತ ಚೆನ್ನಾಗಿ ಬಲ್ಲವರೂ ಅವರೇ. ಅದನ್ನು ಮಗನಿಗೋ ಸೊಸೆಗೋ ಹೇಳಿ, ಅವರ ಮೂಲಕ ಮೇಷ್ಟ್ರಿಗೆ ಮುಟ್ಟಿಸಿದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಬೇಕಿಲ್ಲ. ‘ನಮ್ಮ ಮೊಮ್ಮಗ ಎಷ್ಟು ಪದ್ಯ ಕಲಿತ’ ಎಂದು ಕೇಳುವ ಬದಲು ‘ನಿನ್ನೆ ಏನು ಆಟ ಆಡಿದೆ, ಹೇಳು’ ಎಂದು ಕೇಳೋಣ. ಉಚ್ಚಾರ ತಪ್ಪಿದರೆ ನಗುವುದು ಬೇಡ, ಕೂಡಲೇ ತಿದ್ದುವುದೂ ಬೇಡ.

ಮುಂದಿನ ಕರೆಯಲ್ಲಿ ಒಂದು ಪ್ರಶ್ನೆ ಕೇಳಿ ಸುಮ್ಮನೆ ಐದರವರೆಗೆ ಎಣಿಸಿ. ತಾಯಿ ತಂದೆಗೂ ಮೊದಲೇ ಹೇಳಿಡಿ, ನಡುವೆ ಬಾಯಿ ಹಾಕಬೇಡಿ ಎಂದು. ಮಗು ಏನು ಹೇಳಿತೆಂದು ಕ್ಯಾಲೆಂಡರಿನ ಹಿಂದೆ ಬರೆದಿಡಿ. ಒಂದು ತಿಂಗಳು ಹೀಗೆ ಮಾಡಿ ನೋಡಿ. ಬದಲಾವಣೆ ಕಂಡರೂ ಕಾಣದಿದ್ದರೂ ಈ ಪುಟಕ್ಕೆ ಬರೆದು ತಿಳಿಸಿ. ಮಕ್ಕಳ ಹೆಸರಿಲ್ಲದೆ ಪ್ರಕಟಿಸುತ್ತೇವೆ.