ದುಡಿಮೆ ಅಲ್ಲಿ, ಹೊರೆ ಇಲ್ಲಿ

ಯುರೋಪಿನ ಪುಟ್ಟ ಶ್ರೀಮಂತ ರಾಷ್ಟ್ರ ಲಕ್ಸೆಂಬರ್ಗ್‌ನಲ್ಲಿ ದುಡಿಯುವವರ ಪೈಕಿ ಒಂದು ಲಕ್ಷಕ್ಕೂ ಮಿಕ್ಕಿದವರು ನೆರೆಯ ಫ್ರಾನ್ಸ್‌ನ ನಿವಾಸಿಗಳು. ಅವರ ಸಂಬಳದ ತೆರಿಗೆ ಲಕ್ಸೆಂಬರ್ಗ್‌ನ ಬೊಕ್ಕಸಕ್ಕೆ. ಅವರ ಮಕ್ಕಳ ಶಾಲೆ, ಊರಿನ ರಸ್ತೆ, ಚರಂಡಿಯ ಖರ್ಚು ಫ್ರಾನ್ಸ್‌ನ ಸಣ್ಣ ಸಣ್ಣ ಪುರಸಭೆಗಳ ತಲೆಗೆ! ಇದಾವ ನ್ಯಾಯ?

ಸ್ವಿಟ್ಜರ್ಲೆಂಡಿನ ಜಿನೀವಾ ಹೀಗೆ ಮಾಡಿಲ್ಲ. 1973ರ ಒಪ್ಪಂದದಂತೆ ಅದು ತೆರಿಗೆಯನ್ನು ತಾನೇ ವಸೂಲು ಮಾಡುತ್ತದೆ, ನಿಜ. ಆದರೆ ಫ್ರಾನ್ಸ್‌ನ ಎರಡು ಗಡಿ ಜಿಲ್ಲೆಗಳಿಂದ ಬರುವ ನೌಕರರ ಒಟ್ಟು ವೇತನದ ಶೇ. 3.5ರಷ್ಟನ್ನು ಆ ಜಿಲ್ಲೆಗಳಿಗೆ ಮರಳಿಸುತ್ತದೆ. ಅದರಿಂದ ಜಿನೀವಾ ಬಡವಾಯಿತೇ?

ವಿಪರ್ಯಾಸವೆಂದರೆ, ಬೆಲ್ಜಿಯಂನ ಗಡಿಯೂರುಗಳಿಗೆ ಲಕ್ಸೆಂಬರ್ಗ್ ಪಾಲು ಕೊಡುತ್ತದೆ. ಫ್ರಾನ್ಸ್‌ನವರು ಕೇಳಿದರೆ ಮಾತ್ರ ರೈಲು ಮಾರ್ಗದ ಜಂಟಿ ಯೋಜನೆಯನ್ನು ಮುಂದಿಡುತ್ತದೆ. ಆ ರೈಲು ಬೆಳಗಾದರೆ ನೌಕರರನ್ನು ಎಲ್ಲಿಗೆ ತಲುಪಿಸುತ್ತದೆ? ಲಕ್ಸೆಂಬರ್ಗ್‌ಗೆ ತಾನೇ!